ಬ್ಯಾಟರಿ ಹಾಕಲು ಬಂದವರ ಲೈಸೆನ್ಸ್ ಯಾವುದು? ಕ್ಯಾಲಿಫೋರ್ನಿಯಾದ ಸಿ-10, ಸಿ-46 ಮತ್ತು 80 ಯೂನಿಟ್ ಲೆಕ್ಕ

ಸೋಲಾರ್ ಕಂಪನಿ ಕೊಟ್ಟ ಕೊಟೇಶನ್ ಒಂದನ್ನು ತೆರೆದು ನೋಡಿ. ಮೊದಲು ಪ್ಯಾನೆಲ್‌ಗಳ ಚಂದದ ಚಿತ್ರ. ಆಮೇಲೆ ಇಪ್ಪತ್ತೈದು ವರ್ಷಕ್ಕೆ ಎಷ್ಟು ಉಳಿತಾಯ ಎಂಬ ಲೆಕ್ಕ. ಎಲ್ಲೋ ಕೆಳಗೆ, ಸಣ್ಣ ಅಕ್ಷರದಲ್ಲಿ, ಒಂದು ಲೈಸೆನ್ಸ್ ನಂಬರ್. ಉಳಿತಾಯದ ಪುಟವನ್ನು ನಾವು ಹತ್ತು ಸಲ ಓದುತ್ತೇವೆ. ಆ ನಂಬರ್ ಮೇಲೆ ಕಣ್ಣು ನಿಲ್ಲುವುದೇ ಇಲ್ಲ.

ಈಗ ಪ್ಯಾನೆಲ್ ಜೊತೆಗೆ ಬ್ಯಾಟರಿಯೂ ಮನೆಗೆ ಬರುತ್ತಿದೆ. ಅದನ್ನು ಗ್ಯಾರೇಜಿನ ಗೋಡೆಗೆ ಕೂರಿಸಿ ವೈರ್ ಜೋಡಿಸುವ ಅಧಿಕಾರ ಯಾರಿಗಿದೆ? ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗಲು ವರ್ಷಗಳೇ ಹಿಡಿದವು. 2024ರ ಅಕ್ಟೋಬರ್ 1ರಂದು ಜಾರಿಗೆ ಬಂದ ನಿಯಮ ಒಂದು ಗೆರೆ ಎಳೆಯಿತು. ನಿಮ್ಮ ಮನೆಗೆ ಬರುವ ಕಂಪನಿ ಆ ಗೆರೆಯ ಯಾವ ಕಡೆ ಇದೆ ಎಂದು ಆ ಸಣ್ಣ ನಂಬರಿನಿಂದಲೇ ತಿಳಿಯುತ್ತದೆ.

## ಈಗ ಎಲ್ಲರ ಬಾಯಲ್ಲೂ ಬ್ಯಾಟರಿ ಯಾಕೆ?

ಈ ರಾಜ್ಯದಲ್ಲಿ 2020ರ ಜನವರಿಯಿಂದ ಹೊಸ ಮನೆಗಳಿಗೆ ಸೋಲಾರ್ ಬಹುತೇಕ ಕಡ್ಡಾಯ. ಮೊದಲು ಹಗಲಲ್ಲಿ ಹೆಚ್ಚಾದ ಕರೆಂಟನ್ನು ಗ್ರಿಡ್‌ಗೆ, ಅಂದರೆ ಊರಿನ ಕರೆಂಟ್ ಜಾಲಕ್ಕೆ, ಕೊಟ್ಟರೆ, ನಾವು ಕೊಳ್ಳುವ ದರಕ್ಕೆ ಹತ್ತಿರದ ದರವೇ ಸಿಗುತ್ತಿತ್ತು. ಗ್ರಿಡ್ಡೇ ಒಂದು ಬ್ಯಾಂಕಿನ ಹಾಗೆ. ಹಗಲು ಜಮಾ ಮಾಡು, ರಾತ್ರಿ ತೆಗೆದುಕೋ.

2023ರ ಏಪ್ರಿಲ್ 15ರಿಂದ ಅರ್ಜಿ ಹಾಕಿದವರಿಗೆ ಈ ಲೆಕ್ಕ ಬದಲಾಯಿತು. ಪಿಜಿ ಅಂಡ್ ಇ, ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್, ಸ್ಯಾನ್ ಡಿಯಾಗೋ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಎಂಬ ಮೂರು ಕರೆಂಟ್ ಕಂಪನಿಗಳ ಗ್ರಾಹಕರಿಗೆ ಗ್ರಿಡ್‌ಗೆ ಕೊಟ್ಟ ಕರೆಂಟಿನ ಬೆಲೆ ಸರಾಸರಿ ಮುಕ್ಕಾಲು ಪಾಲು ಕುಸಿಯಿತು. ಹಗಲಲ್ಲಿ ಅಗ್ಗಕ್ಕೆ ಕೊಟ್ಟು ಸಂಜೆ ದುಬಾರಿಗೆ ಕೊಳ್ಳುವುದಕ್ಕಿಂತ ಹಗಲಿನದನ್ನು ಮನೆಯಲ್ಲೇ ಕೂಡಿಟ್ಟುಕೊಳ್ಳುವುದು ಮೇಲು. ಹಾಗಾಗಿ ಬ್ಯಾಟರಿ. ಸ್ವಂತ ದುಡ್ಡಲ್ಲಿ ಹಾಕಿಸುವವರಿಗೆ ಸಿಗುತ್ತಿದ್ದ ಶೇ. 30ರ ಫೆಡರಲ್ ತೆರಿಗೆ ರಿಯಾಯಿತಿಯೂ 2025ರ ಕೊನೆಗೆ ನಿಂತಿತು. ಪೂರ್ತಿ ಖರ್ಚು ನಮ್ಮ ಜೇಬಿನದೇ ಆದ ಮೇಲೆ ಕೆಲಸ ಯಾರ ಕೈಯಲ್ಲಿ ಎಂದು ಕೇಳುವುದು ಸಹಜ.

## ಲೈಸೆನ್ಸ್ ಕೊಡುವವರು ಯಾರು?

ಕ್ಯಾಲಿಫೋರ್ನಿಯಾದಲ್ಲಿ ಕಟ್ಟಡ ಕೆಲಸದ ಗುತ್ತಿಗೆದಾರರಿಗೆ ಲೈಸೆನ್ಸ್ ಕೊಡುವುದು ಕಾಂಟ್ರ್ಯಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್. ಇದು 1929ರಿಂದ ಇದೆ. ಇನ್ನು ಮುಂದೆ ಸುಮ್ನೆ ಬೋರ್ಡ್ ಎನ್ನೋಣ.

ಲೈಸೆನ್ಸ್ ಬೇಕೆಂದರೆ ಕಳೆದ ಹತ್ತು ವರ್ಷದಲ್ಲಿ ಕನಿಷ್ಠ ನಾಲ್ಕು ವರ್ಷ ಆ ಕೆಲಸವನ್ನು ಪಳಗಿದ ಕೈಯಾಗಿ ಮಾಡಿರಬೇಕು. ಸಾಮಾನ್ಯವಾಗಿ ಎರಡು ಪರೀಕ್ಷೆ ಪಾಸಾಗಬೇಕು. ಒಂದು ಕಾನೂನು ಮತ್ತು ವ್ಯವಹಾರದ್ದು, ಇನ್ನೊಂದು ಆ ಕಸುಬಿನದು. ಬೆರಳಚ್ಚು ಕೊಡಬೇಕು. 25,000 ಡಾಲರಿನ ಬಾಂಡ್, ಅಂದರೆ ಕೆಲಸ ಕೆಟ್ಟರೆ ಪರಿಹಾರಕ್ಕೆಂದು ಒಂದು ಭದ್ರತೆ, ಇಡಬೇಕು. 2023ಕ್ಕೆ ಮೊದಲು ಇದು 15,000 ಇತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಪರೀಕ್ಷೆ ಬರೆಯುವುದು ಕಂಪನಿ ಅಲ್ಲ, ಒಬ್ಬ ವ್ಯಕ್ತಿ. ಅವರ ಅರ್ಹತೆಯ ಮೇಲೆ ಇಡೀ ಕಂಪನಿಯ ಲೈಸೆನ್ಸ್ ನಿಂತಿರುತ್ತದೆ. ಅವರು ಕಂಪನಿ ಬಿಟ್ಟರೆ 90 ದಿನದೊಳಗೆ ಅರ್ಹರಾದ ಇನ್ನೊಬ್ಬರು ಆ ಜಾಗಕ್ಕೆ ಬರಬೇಕು. ಅಂದರೆ ನಿಮ್ಮ ಮಾಡಿನ ಮೇಲೆ ಹತ್ತುವ ಹುಡುಗರು ಆ ಪರೀಕ್ಷೆ ಪಾಸಾದವರು ಎಂದೇನಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಲೈಸೆನ್ಸ್‌ಗಳಲ್ಲಿ ವರ್ಗಗಳಿವೆ. ರಸ್ತೆ, ಸೇತುವೆಯಂಥ ಎಂಜಿನಿಯರಿಂಗ್ ಕೆಲಸಕ್ಕೆ 'ಎ', ಮನೆ ಕಟ್ಟುವವರಿಗೆ 'ಬಿ', ಒಂದೊಂದೇ ಕಸುಬಿನವರಿಗೆ 'ಸಿ' ಮತ್ತು ಒಂದು ಸಂಖ್ಯೆ. ಹಲ್ಲಿನ ಡಾಕ್ಟರೂ ಡಾಕ್ಟರೇ, ಆದರೆ ಕಣ್ಣಿನ ಆಪರೇಶನ್‌ಗೆ ಅವರ ಹತ್ತಿರ ಹೋಗುವುದಿಲ್ಲ ಅಲ್ವಾ? ಹಾಗೆಯೇ ಇದು. "ನಮಗೆ ಲೈಸೆನ್ಸ್ ಇದೆ" ಎಂಬ ಉತ್ತರ ಅರ್ಧ ಮಾತ್ರ. ಯಾವ ವರ್ಗದ್ದು ಎನ್ನುವುದು ಇನ್ನರ್ಧ.

ಸಣ್ಣಪುಟ್ಟ ಕೆಲಸಕ್ಕೆ ಲೈಸೆನ್ಸ್ ಬೇಡ ಎಂಬ ವಿನಾಯಿತಿಯೂ ಉಂಟು. 2025ರ ಜನವರಿಯಿಂದ ಅದರ ಮಿತಿ 500ರಿಂದ 1,000 ಡಾಲರಿಗೆ ಏರಿದೆ. ಆದರೆ ಕಟ್ಟಡ ಇಲಾಖೆಯ ಪರ್ಮಿಟ್ ಬೇಕಾದ ಕೆಲಸಕ್ಕೆ ಅದು ಸಿಗುವುದಿಲ್ಲ. ಸೋಲಾರ್, ಬ್ಯಾಟರಿ ಎರಡಕ್ಕೂ ಪರ್ಮಿಟ್ ಬೇಕು. ಹಾಗಾಗಿ ಇಲ್ಲಿ ಆ ದಾರಿ ಮುಚ್ಚಿದೆ.

## ಸಿ-10 ಮತ್ತು ಸಿ-46: ಎರಡು ಬಾಗಿಲು

ಸಿ-10 ಎಂದರೆ ಎಲೆಕ್ಟ್ರಿಕಲ್ ಗುತ್ತಿಗೆದಾರರು. ಕರೆಂಟನ್ನು ಹುಟ್ಟಿಸುವ, ಸಾಗಿಸುವ, ಮಾರ್ಪಡಿಸುವ, ಬಳಸುವ ಯಾವುದೇ ಸಾಧನವನ್ನು ಅವರು ಕೂರಿಸಬಹುದು, ಜೋಡಿಸಬಹುದು. ನಿಯಮದ ಮಾತಿನಲ್ಲೇ ಸೋಲಾರ್ ಸೆಲ್‌ಗಳ ಹೆಸರೂ ಇದೆ. ಬಹಳ ಅಗಲವಾದ ಬಾಗಿಲು ಇದು.

ಸಿ-46 ಎಂದರೆ ಸೋಲಾರ್ ಗುತ್ತಿಗೆದಾರರು. ಬಿಸಿಲಿನಿಂದ ನೀರು ಕಾಯಿಸುವ ಮತ್ತು ಕರೆಂಟ್ ಮಾಡುವ ವ್ಯವಸ್ಥೆಗಳನ್ನು ಹಾಕುವುದು, ರಿಪೇರಿ ಮಾಡುವುದು ಅವರ ಕೆಲಸ. ಬೇರೆ ಕಸುಬಿನ ಕೆಲಸಕ್ಕೆ ಅವರು ಕೈ ಹಾಕುವಂತಿಲ್ಲ, ಸೋಲಾರ್ ಹಾಕಲು ಅದು ಅಗತ್ಯವಾದಾಗ ಬಿಟ್ಟು.

ಇಡೀ ಜಗಳ ಹುಟ್ಟಿದ್ದು ಈ "ಅಗತ್ಯವಾದಾಗ ಬಿಟ್ಟು" ಎನ್ನುವ ಮಾತಿನಿಂದ. ಪ್ಯಾನೆಲ್ ಕೂರಿಸಲು ಹಂಚು ತೆಗೆಯಲೇಬೇಕು, ಅದು ಅಗತ್ಯ. ಸೋಲಾರ್ ಪ್ಯಾನೆಲ್‌ನಿಂದ ಮೇನ್ ಪ್ಯಾನೆಲ್‌ವರೆಗೆ, ಅಂದರೆ ಮನೆಯ ಬ್ರೇಕರ್‌ಗಳಿರುವ ಮುಖ್ಯ ಪೆಟ್ಟಿಗೆಯವರೆಗೆ, ವೈರ್ ಎಳೆಯಲೇಬೇಕು, ಅದೂ ಅಗತ್ಯ. ಬ್ಯಾಟರಿ? ಅದಿಲ್ಲದೆಯೂ ಸೋಲಾರ್ ಕೆಲಸ ಮಾಡುತ್ತದೆ. ಹಾಗಾದರೆ ಅದು ಸೋಲಾರಿನ ಭಾಗವೇ, ಬೇರೆಯೇ ವಸ್ತುವೇ?

## ಪ್ಯಾನೆಲ್ ಮಳೆಯಾದರೆ ಬ್ಯಾಟರಿ ಟ್ಯಾಂಕು

ಪ್ಯಾನೆಲ್ ಮಳೆಯ ಹಾಗೆ. ಬಂದಾಗ ಬರುತ್ತದೆ, ಬಿಸಿಲು ಹೋದರೆ ನಿಲ್ಲುತ್ತದೆ. ಬ್ಯಾಟರಿ ತುಂಬಿದ ಟ್ಯಾಂಕಿನ ಹಾಗೆ. ಬೀದಿಯ ಕರೆಂಟ್ ಹೋದರೂ, ಬ್ರೇಕರ್ ಇಳಿಸಿದರೂ, ಒಳಗೆ ಶಕ್ತಿ ತುಂಬಿಕೊಂಡೇ ಇರುತ್ತದೆ. ಅದನ್ನು ಖಾಲಿ ಎಂದು ತಿಳಿದು ಮುಟ್ಟುವಂತಿಲ್ಲ.

ಎರಡನೆಯ ವ್ಯತ್ಯಾಸ ಕರೆಂಟ್ ಹೋದಾಗ ಕಾಣುತ್ತದೆ. ಗ್ರಿಡ್‌ಗೆ ಜೋಡಿಸಿದ ಮಾಮೂಲಿ ಸೋಲಾರ್, ಬೀದಿಯಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಬ್ಯಾಕಪ್ ಇರುವ ಮನೆ ಮಾತ್ರ ಗ್ರಿಡ್‌ನಿಂದ ಬೇರ್ಪಟ್ಟು, ಒಂದು ದ್ವೀಪದ ಹಾಗೆ ತಾನೇ ನಡೆಯುತ್ತದೆ. ಬೇರ್ಪಡಿಸುವ ಸ್ವಿಚ್ ತಪ್ಪಾಗಿ ಜೋಡಣೆಯಾದರೆ ಮನೆಯ ಕರೆಂಟ್ ಬೀದಿಗೆ ಹರಿಯಬಹುದು. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಅದು ಪ್ರಾಣಾಪಾಯ. ಈ ವೈರಿಂಗಿಗೆ ಮನೆಯ ಮೇನ್ ಪ್ಯಾನೆಲ್ಲನ್ನೇ ಬಿಚ್ಚಿ ಕೆಲವು ಸರ್ಕ್ಯೂಟ್‌ಗಳನ್ನು ಬೇರೆ ಕಡೆಗೆ ತಿರುಗಿಸಬೇಕಾಗುವುದೂ ಉಂಟು.

ಮೂರನೆಯದು ಬೆಂಕಿ. ಲಿಥಿಯಂ ಬ್ಯಾಟರಿಯಲ್ಲಿ ಒಂದು ಸೆಲ್ ಕೆಟ್ಟು ಮಿತಿಮೀರಿ ಬಿಸಿಯಾದರೆ, ಆ ಬಿಸಿ ಪಕ್ಕದ ಸೆಲ್ಲಿಗೆ, ಅದರಿಂದ ಮುಂದಿನದಕ್ಕೆ ದಾಟಬಹುದು. ಥರ್ಮಲ್ ರನ್‌ಅವೇ ಎನ್ನುವುದು ಇದಕ್ಕೇ. ಇದು ಅಪರೂಪ. ಆದರೆ ಶುರುವಾದರೆ ಆರಿಸುವುದು ಕಷ್ಟ.

## ಎರಡು ಕಡೆಯವರ ವಾದ

ಎಲೆಕ್ಟ್ರಿಷಿಯನ್‌ಗಳ ಯೂನಿಯನ್ ಕಡೆಯವರು ಹೇಳಿದ್ದು ಹೀಗೆ: ಇದು ಅಪ್ಪಟ ಎಲೆಕ್ಟ್ರಿಕಲ್ ಕೆಲಸ, ಸಿ-10 ಇರುವವರೇ ಮಾಡಲಿ. ಸೋಲಾರ್ ಉದ್ಯಮದವರು ಹೇಳಿದ್ದು: ನಾವು ವರ್ಷಗಳಿಂದ ಪ್ಯಾನೆಲ್ ಜೊತೆ ಬ್ಯಾಟರಿ ಹಾಕುತ್ತಲೇ ಬಂದಿದ್ದೇವೆ, ಈಗ ನಿಲ್ಲಿಸಿದರೆ ಸಣ್ಣ ಕಂಪನಿಗಳು ಮುಚ್ಚುತ್ತವೆ, ಗ್ರಾಹಕರಿಗೂ ಖರ್ಚು ಜಾಸ್ತಿ.

ಲೈಸೆನ್ಸ್ ಪರೀಕ್ಷೆ ಪಾಸಾಗಬೇಕಾದದ್ದು ಕಂಪನಿಯ ಒಬ್ಬರು ಮಾತ್ರ ಎಂದೆನಲ್ಲ, ಅದು ಇಲ್ಲಿ ಮುಖ್ಯವಾಗುತ್ತದೆ. ಸಿ-10 ಕಂಪನಿಯಲ್ಲಿ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್‌ಗಳು ಒಬ್ಬೊಬ್ಬರೂ ರಾಜ್ಯದ ಸರ್ಟಿಫಿಕೇಟ್ ಪಡೆದಿರಬೇಕು, ಇಲ್ಲವೇ ಅಂಥವರ ಮೇಲ್ವಿಚಾರಣೆಯಲ್ಲಿ ಕಲಿಯುತ್ತಿರುವ ನೋಂದಾಯಿತ ಅಪ್ರೆಂಟಿಸ್ ಅಥವಾ ಟ್ರೇನಿ ಆಗಿರಬೇಕು. ಎಲ್ಲ ಬಗೆಯ ಎಲೆಕ್ಟ್ರಿಕಲ್ ಕೆಲಸಕ್ಕೂ ಸಲ್ಲುವ ಸರ್ಟಿಫಿಕೇಟಿಗೆ 8,000 ಗಂಟೆ ಕೆಲಸದ ಅನುಭವ ಬೇಕು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನ ಎಂದರೆ ಸುಮಾರು ನಾಲ್ಕು ವರ್ಷ. ಮನೆಗಳ ಕೆಲಸಕ್ಕೆ ಮಾತ್ರ ಸಲ್ಲುವುದಕ್ಕೆ 4,800 ಗಂಟೆ. ಸಿ-46 ಕಂಪನಿಯ ಕೆಲಸಗಾರರಿಗೆ ಈ ಕಡ್ಡಾಯ ಇಲ್ಲ. ಸುರಕ್ಷತೆಯ ವಾದವೂ ಖರ್ಚಿನ ವಾದವೂ ಎರಡೂ ಹುಟ್ಟುವುದು ಈ ಒಂದೇ ವ್ಯತ್ಯಾಸದಿಂದ.

2021ರ ಜುಲೈನಲ್ಲಿ ಬೋರ್ಡ್, ಸಿ-46ನವರು ಬ್ಯಾಟರಿ ಹಾಕುವಂತಿಲ್ಲ ಎಂಬ ಕಡೆಗೆ ಮತ ಹಾಕಿತು. ಸೋಲಾರ್ ಉದ್ಯಮದ ಸಂಘ ಕೋರ್ಟಿಗೆ ಹೋಯಿತು, ತೀರ್ಮಾನ ಜಾರಿಯಾಗದೆ ನಿಂತಿತು. ಬೋರ್ಡ್ ಮತ್ತೆ ಮೊದಲಿಂದ, ಸಾರ್ವಜನಿಕರ ಅಭಿಪ್ರಾಯ ಕೇಳಿ ನಿಯಮ ರೂಪಿಸುವ ದಾರಿ ಹಿಡಿಯಿತು. ಕೊನೆಗೆ ಸಿಕ್ಕಿದ್ದು ನಡುವಿನ ಗೆರೆ.

## 80 ಯೂನಿಟ್

ಹೊಸ ನಿಯಮದಲ್ಲಿ ಸಿ-46 ಗುತ್ತಿಗೆದಾರರು ಬ್ಯಾಟರಿ ಹಾಕಬಹುದು, ಷರತ್ತುಗಳೊಂದಿಗೆ. ಅದು ವಾಸದ ಮನೆಯಾಗಿರಬೇಕು. ಬ್ಯಾಟರಿಯ ಕೆಲಸ ಸೋಲಾರ್ ಹಾಕುವ ಕೆಲಸದ ಜೊತೆಗೇ ಬರಬೇಕು. ಒಟ್ಟು ಸಾಮರ್ಥ್ಯ 80 ಕಿಲೋವ್ಯಾಟ್-ಅವರ್ ದಾಟಬಾರದು. ಒಂದು ಕಿಲೋವ್ಯಾಟ್-ಅವರ್ ಎಂದರೆ ನಾವು ಮಾತಿನಲ್ಲಿ ಹೇಳುವ ಒಂದು ಯೂನಿಟ್.

80 ಯೂನಿಟ್ ಎಷ್ಟು? ಟೆಸ್ಲಾ ಪವರ್‌ವಾಲ್ ಒಂದರಲ್ಲಿ 13.5 ಯೂನಿಟ್ ಹಿಡಿಯುತ್ತದೆ. ಐದು ಹಾಕಿದರೆ 67.5, ಆರು ಹಾಕಿದರೆ 81. ಅಂದರೆ ಐದರವರೆಗೆ ಸಿ-46 ಸಾಕು, ಆರನೆಯದು ಗೆರೆ ದಾಟಿತು. ಸಾಮಾನ್ಯ ಮನೆಗಳಲ್ಲಿ ಒಂದೋ ಎರಡೋ ಹಾಕಿಸುತ್ತಾರೆ. ಹಾಗಾಗಿ ಹೆಚ್ಚಿನವರಿಗೆ ಈ ಮಿತಿ ಅಡ್ಡ ಬರುವುದಿಲ್ಲ.

ಈ ಸಂಖ್ಯೆ ಮನೆಗಳ ಬೆಂಕಿ ಸುರಕ್ಷತೆಯ ನಿಯಮಕ್ಕೂ ಹೊಂದುತ್ತದೆ. ಅದರಲ್ಲಿ ಒಂದೊಂದು ಬ್ಯಾಟರಿ ಘಟಕ 20 ಯೂನಿಟ್ ಮೀರಬಾರದು. ಗ್ಯಾರೇಜಿನಲ್ಲಿ ಒಟ್ಟು 80, ಹೊರಗೋಡೆಯ ಮೇಲೆ 80, ಸಾಮಾನಿನ ಕೋಣೆಯಂಥ ಕಡೆ 40. ಮಲಗುವ ಕೋಣೆಯಲ್ಲಿ ಬ್ಯಾಟರಿ ಹಾಕುವಂತೆಯೇ ಇಲ್ಲ. ಕಾರು ಗುದ್ದುವ ಜಾಗದಲ್ಲಿದ್ದರೆ ಮುಂದೆ ಕಂಬದಂಥ ತಡೆ ಬೇಕು. ಬ್ಯಾಟರಿ ವ್ಯವಸ್ಥೆಗೆ ಯುಎಲ್ 9540 ಎಂಬ ಸುರಕ್ಷತಾ ಮಾನದಂಡದ ಗುರುತು ಇರಬೇಕು. ಈ ನಿಯಮಗಳು ಯಾವ ಲೈಸೆನ್ಸಿನವರು ಹಾಕಿದರೂ ಒಂದೇ.

## ನಿಮ್ಮ ಮನೆಗೆ ಹೊಂದಿಸಿ ನೋಡಿದರೆ

ಹೊಸದಾಗಿ ಪ್ಯಾನೆಲ್, ಜೊತೆಗೆ ಒಂದೆರಡು ಬ್ಯಾಟರಿ ಹಾಕಿಸುತ್ತಿದ್ದೀರಾ? ಸಿ-10 ಆಗಲಿ, ಸಿ-46 ಆಗಲಿ, ಎರಡೂ ಸರಿ.

ಸೋಲಾರ್ ಬೇಡ, ಕರೆಂಟ್ ಹೋದಾಗ ಇರಲಿ ಎಂದು ಬರೀ ಬ್ಯಾಟರಿ ಬೇಕೇ? ಕಾಳ್ಗಿಚ್ಚಿನ ಭಯಕ್ಕೆ ಕರೆಂಟ್ ತೆಗೆಯುವ ಊರುಗಳಲ್ಲಿ ಬಹಳ ಜನ ಹೀಗೆ ಕೇಳುತ್ತಾರೆ. ಇದು ಸಿ-46ರ ವ್ಯಾಪ್ತಿಗೆ ಬರುವುದಿಲ್ಲ. ಸಿ-10 ಬೇಕು.

ಪ್ಯಾನೆಲ್ ಯಾವತ್ತೋ ಹಾಕಿಸಿದ್ದು, ಈಗ ಬ್ಯಾಟರಿ ಮಾತ್ರ ಸೇರಿಸುವುದು ಎಂದರೂ ಸಿ-10 ಇರುವವರನ್ನೇ ಹುಡುಕಿ. ಅವರಿಗೆ "ಸೋಲಾರ್ ಜೊತೆಗೇ" ಎಂಬ ಷರತ್ತು ಇಲ್ಲವೇ ಇಲ್ಲ. ಅಂಗಡಿಗೆ, ಆಫೀಸಿಗೆ, 80 ಯೂನಿಟ್ ಮೀರಿದ ದೊಡ್ಡ ಮನೆಗೂ ಇದೇ ಮಾತು. ಎರಡೂ ಲೈಸೆನ್ಸ್ ಇಟ್ಟುಕೊಂಡ ಕಂಪನಿಗಳೂ ಇವೆ, ಅವರ ಬಗ್ಗೆ ಈ ಲೆಕ್ಕವೇ ಬೇಡ.

ಮಾಡೇ ಹಳೆಯದಾಗಿ ಪೂರ್ತಿ ಬದಲಿಸಬೇಕಿದ್ದರೆ ಅದು ಇನ್ನೊಂದು ಕಸುಬು. ಮಾಡಿನ ಕೆಲಸದ ಲೈಸೆನ್ಸ್ ಸಿ-39.

## ಲೈಸೆನ್ಸ್ ಎಂದು ತೋರಿಸುವ, ಆದರೆ ಲೈಸೆನ್ಸ್ ಅಲ್ಲದ ಕಾಗದಗಳು

ಬ್ಯಾಟರಿ ಕಂಪನಿಯವರು ಕೊಡುವ "ಸರ್ಟಿಫೈಡ್ ಇನ್‌ಸ್ಟಾಲರ್" ಪತ್ರ ಒಂದು ತರಬೇತಿಯ ಪತ್ರ. ನ್ಯಾಬ್‌ಸೆಪ್ ಎಂಬ ಸಂಸ್ಥೆಯ ಪ್ರಮಾಣಪತ್ರ ಒಳ್ಳೆಯ ಗುರುತೇ, ಆದರೆ ಅದು ಸ್ವಇಚ್ಛೆಯದು. ಊರಿನ ಬಿಸಿನೆಸ್ ಲೈಸೆನ್ಸ್ ವ್ಯಾಪಾರ ಮಾಡಲು ಕೊಟ್ಟ ರಸೀದಿ ಇದ್ದಂತೆ. ಇವು ಯಾವುವೂ ಬೋರ್ಡಿನ ಲೈಸೆನ್ಸಿಗೆ ಬದಲಿ ಅಲ್ಲ.

ಪರ್ಮಿಟ್ ಮತ್ತೆ ಬೇರೆ. ಲೈಸೆನ್ಸ್ ಕೆಲಸಗಾರರದ್ದು, ಪರ್ಮಿಟ್ ನಿಮ್ಮ ಮನೆಯ ಆ ಒಂದು ಕೆಲಸದ್ದು. ಕೆಲಸ ಮುಗಿದ ಮೇಲೆ ಕಟ್ಟಡ ಇಲಾಖೆಯವರು ಬಂದು ನೋಡಿ ಒಪ್ಪಬೇಕು. ಆಮೇಲೆ ಕರೆಂಟ್ ಕಂಪನಿ "ಇನ್ನು ಚಾಲೂ ಮಾಡಬಹುದು" ಎಂದು ಅನುಮತಿ ಕೊಡಬೇಕು. ಅದು ಬರುವ ಮೊದಲೇ ಸ್ವಿಚ್ ಹಾಕಬಾರದು.

ಪರ್ಮಿಟ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮನೆಯ ಮಾಲೀಕರು ತಾವೇ ಕೆಲಸ ಮಾಡಿಸುತ್ತೇವೆ ಎಂದು ತಮ್ಮ ಹೆಸರಲ್ಲೇ ಪರ್ಮಿಟ್ ತೆಗೆಯಬಹುದು. ಇದಕ್ಕೆ ಓನರ್-ಬಿಲ್ಡರ್ ಪರ್ಮಿಟ್ ಎನ್ನುತ್ತಾರೆ. "ನಿಮ್ಮ ಹೆಸರಲ್ಲೇ ತೆಗೆಯಿರಿ, ಬೇಗ ಆಗುತ್ತದೆ, ಅಗ್ಗ" ಎಂದು ಗುತ್ತಿಗೆದಾರರೇ ಹೇಳಿದರೆ ಅಲ್ಲೇ ನಿಲ್ಲಿ. ಹಾಗೆ ಮಾಡಿದರೆ ಕೆಲಸದ ಹೊಣೆ ನಿಮ್ಮ ತಲೆಗೆ ಬರುತ್ತದೆ. ಕೆಲಸಗಾರರೊಬ್ಬರು ಮಾಡಿನಿಂದ ಬಿದ್ದರೆ ನೀವೇ ಅವರ ಯಜಮಾನರು ಎಂದು ಲೆಕ್ಕವಾಗಬಹುದು. ಸರಿಯಾದ ಲೈಸೆನ್ಸ್ ಇರುವವರಿಗೆ ತಮ್ಮ ಹೆಸರಲ್ಲಿ ಪರ್ಮಿಟ್ ತೆಗೆಯಲು ಹಿಂಜರಿಕೆ ಇರಬೇಕಾಗಿಲ್ಲ.

## ದುಡ್ಡು ಮತ್ತು ಸಹಿ

ಮನೆ ಕೆಲಸದ ಗುತ್ತಿಗೆಯಲ್ಲಿ ಮುಂಗಡಕ್ಕೆ ಮಿತಿ ಇದೆ. ಒಟ್ಟು ಬೆಲೆಯ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ. 30,000 ಡಾಲರಿನ ಕೆಲಸಕ್ಕೂ ಮುಂಗಡ 1,000 ಮಾತ್ರ. ಬೋರ್ಡಿನ ಬಳಿ ವಿಶೇಷ ಬಾಂಡ್ ಇಟ್ಟ ಕೆಲವು ಕಂಪನಿಗಳಿಗಷ್ಟೇ ವಿನಾಯಿತಿ.

ಮನೆ ಬಾಗಿಲಿಗೆ ಬಂದು ಮಾರುವವರು ಬೋರ್ಡಿನಲ್ಲಿ ಮಾರಾಟಗಾರರಾಗಿ ಹೆಸರು ನೋಂದಾಯಿಸಿರಬೇಕು. ಟ್ಯಾಬ್ಲೆಟ್ ಮುಂದೆ ಹಿಡಿದು "ಇಲ್ಲಿ ಒಂದು ಸಹಿ" ಎಂದಾಗ ಅದು ಏನೆಂದು ಓದಿ. ಸೋಲಾರ್ ಗುತ್ತಿಗೆಯ ಮುಖಪುಟದಲ್ಲಿ ಬೋರ್ಡ್ ಸಿದ್ಧಪಡಿಸಿದ ಮಾಹಿತಿ ಪತ್ರ ಇರಲೇಬೇಕು. ಒಟ್ಟು ಖರ್ಚು ಎಷ್ಟು, ಹೇಗೆ ರದ್ದು ಮಾಡಬಹುದು, ಎಲ್ಲಿ ದೂರು ಕೊಡಬಹುದು ಎಂದು ಅದರಲ್ಲಿರುತ್ತದೆ. ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ ರದ್ದು ಮಾಡಲು ಮೂರು ದಿನ ಇದೆ, 65 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರಿಗೆ ಐದು ದಿನ. ಮನೆಯಲ್ಲಿ ಅಪ್ಪ ಅಮ್ಮ ಮಾತ್ರ ಇದ್ದಾಗ ಇಂಥ ಸಹಿ ಬಿದ್ದಿದ್ದರೆ ಈ ಐದು ದಿನ ಬಹಳ ದೊಡ್ಡದು.

ಕಂಪನಿಯ 25,000 ಡಾಲರ್ ಬಾಂಡ್ ಇದೆಯಲ್ಲ ಎಂದು ಪೂರ್ತಿ ನೆಮ್ಮದಿ ಪಡುವಂತಿಲ್ಲ. ಅದು ನಿಮ್ಮೊಬ್ಬರಿಗೆ ಇಟ್ಟ ಹಣ ಅಲ್ಲ. ಇಪ್ಪತ್ತು ಮನೆಯವರು ಕೇಳಿ ಬಂದರೆ ಇಪ್ಪತ್ತು ಪಾಲು. ಸನ್‌ಪವರ್‌ನಂಥ ದೊಡ್ಡ ಕಂಪನಿಯೇ 2024ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಹಾಗಾಗಿ ಕೆಲಸ ಮುಂದುವರಿದ ಹಾಗೆ ದುಡ್ಡು ಕೊಡುವುದೇ ಗಟ್ಟಿ ರಕ್ಷಣೆ.

ಲೈಸೆನ್ಸೇ ಇಲ್ಲದವರಿಂದ ಕೆಲಸ ಮಾಡಿಸಿದರೆ ಕಾನೂನು ಮಾಲೀಕರ ಪರವಾಗಿ ಬಹಳ ಕಟುವಾಗಿದೆ. ಅಂಥವರು ಬಾಕಿ ಹಣಕ್ಕೆ ಕೋರ್ಟಿಗೆ ಹೋಗುವಂತಿಲ್ಲ. ಕೆಲಸ ಚೆನ್ನಾಗಿಯೇ ಮಾಡಿದ್ದರೂ ಅಷ್ಟೇ. ಕೊಟ್ಟ ಹಣವನ್ನೂ ಮಾಲೀಕರು ವಾಪಸ್ ಕೇಳಬಹುದು, ಆದರೆ ಕೆಲಸ ಮುಗಿದು ಒಂದು ವರ್ಷದೊಳಗೆ ಕೇಳಬೇಕು.

## ನಂಬರ್ ಹಾಕಿ ನೋಡುವುದು

ಜಾಹೀರಾತಿನಲ್ಲೂ ಗುತ್ತಿಗೆಯಲ್ಲೂ ಲೈಸೆನ್ಸ್ ನಂಬರ್ ಇರಲೇಬೇಕು. ಬೋರ್ಡಿನ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ಒಂದು ಪುಟ ತೆರೆಯುತ್ತದೆ. ಎರಡು ನಿಮಿಷದ ಕೆಲಸ, ಕಾಸು ಕೊಡಬೇಕಿಲ್ಲ.

ಮೊದಲು ಹೆಸರು ನೋಡಿ. ಗುತ್ತಿಗೆಯಲ್ಲಿರುವ ಕಂಪನಿಯ ಹೆಸರೂ ಇದೂ ಒಂದೇನಾ? ಮಾರುವವರು ಒಂದು ಕಂಪನಿ, ಹಾಕುವವರು ಇನ್ನೊಂದು ಆಗಿರುವುದು ಈ ವ್ಯಾಪಾರದಲ್ಲಿ ಮಾಮೂಲು. ಹಾಗಿದ್ದರೆ ಹಾಕುವವರ ನಂಬರನ್ನೂ ಕೇಳಿ ಪಡೆಯಿರಿ, ಉಪಗುತ್ತಿಗೆದಾರರಿಗೂ ಲೈಸೆನ್ಸ್ ಬೇಕೇ ಬೇಕು. ಮುಖ್ಯ ಗುತ್ತಿಗೆದಾರರು ಅವರಿಗೆ ದುಡ್ಡು ಕೊಡದಿದ್ದರೆ, ನೀವು ಪೂರ್ತಿ ಕೊಟ್ಟಿದ್ದರೂ, ಅವರು ನಿಮ್ಮ ಮನೆಯ ಮೇಲೆ ಹಕ್ಕು ದಾಖಲಿಸಬಹುದು.

ಆಮೇಲೆ ಲೈಸೆನ್ಸ್ ಈಗ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ ನೋಡಿ. ವರ್ಗದ ಜಾಗದಲ್ಲಿ ಸಿ-10 ಇದೆಯೋ, ಸಿ-46 ಇದೆಯೋ ನೋಡಿ, ನಿಮ್ಮ ಕೆಲಸಕ್ಕೆ ಹೋಲಿಸಿ. ಬಾಂಡ್ ಇದೆಯೇ, ಕೆಲಸಗಾರರ ವಿಮೆ ಇದೆಯೇ ನೋಡಿ. ವಿಮೆಯ ಜಾಗದಲ್ಲಿ "ನಮ್ಮಲ್ಲಿ ಕೆಲಸಗಾರರೇ ಇಲ್ಲ, ಹಾಗಾಗಿ ವಿನಾಯಿತಿ" ಎಂದು ಬರೆದಿದ್ದು, ನಿಮ್ಮ ಮಾಡಿನ ಮೇಲೆ ಐದು ಜನ ನಿಂತಿದ್ದರೆ ಅವರು ಯಾರು ಎಂದು ಕೇಳುವ ಹಕ್ಕು ನಿಮಗಿದೆ. ಸಿ-10 ಕಂಪನಿಯಾದರೆ ವೈರಿಂಗ್ ಮಾಡುವವರ ಎಲೆಕ್ಟ್ರಿಷಿಯನ್ ಕಾರ್ಡ್ ತೋರಿಸಿ ಎಂದರೂ ತಪ್ಪಿಲ್ಲ.

ಕೆಲಸ ಕೆಟ್ಟರೆ ದೂರು ಕೊಡಬೇಕಾದದ್ದೂ ಇದೇ ಬೋರ್ಡಿಗೆ. ಸಾಮಾನ್ಯ ತಪ್ಪುಗಳಿಗೆ ನಾಲ್ಕು ವರ್ಷದ ಅವಧಿ ಇದೆ. ದೂರಿನ ಜೊತೆ ಗುತ್ತಿಗೆ, ರಸೀದಿ, ಪರ್ಮಿಟ್, ಫೋಟೋ ಬೇಕಾಗುತ್ತವೆ. ಬ್ಯಾಟರಿ ಗೋಡೆಗೆ ಏರುವ ದಿನ ಒಳಗಿನ ವೈರಿಂಗ್ ಮುಚ್ಚುವ ಮೊದಲು ಫೋನಿನಲ್ಲಿ ನಾಲ್ಕು ಫೋಟೋ ತೆಗೆದಿಡಿ.